ಹುಣಸೆಹಣ್ಣು ಹಾಕಿ ತೊಳೆದ ಬ್ಯಾಂಜೋ

ನನಗೆ ಜಪಾನೀ ಭಾಷೆ ಬರುತ್ತದೆ ಎಂದು ನಮ್ಮ ಮನೆಯಲ್ಲಿ ನಂಬುವವಳು ನಾನೊಬ್ಬಳೇ. ಗಂಡ ಶ್ರೀಕಂಠ ದಿನವಿಡೀ ಜಪಾನೀಯರ ಜೊತೆ ಮೀಟಿಂಗ್ ಮಾಡುತ್ತಾನೆ, ಆದರೆ ಬಾಯಿ ಬಿಡುವುದು ಇಂಗ್ಲಿಷಿನಲ್ಲಿ. ಮಗಳು ಶ್ರೀರಕ್ಷಾ ಇಲ್ಲೇ ಹುಟ್ಟಿದವಳು. ತನಗೆ ಕನಸು ಬೀಳುವುದೂ ಜಪಾನಿಯಲ್ಲೇ ಎನ್ನುತ್ತಾಳೆ. ಇವರಿಬ್ಬರ ನಡುವೆ ನಾನು, ಮೈಸೂರಿನ ಕಾತ್ಯಾಯಿನಿ. ಟೋಕಿಯೋದ ಎಡೋಗಾವಾ ವಾರ್ಡ್ ಆಫೀಸಿನವರ ಉಚಿತ ತರಗತಿಯಲ್ಲಿ ಕಲಿತ ಭಾಷೆಯನ್ನು ತರಕಾರಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಸಿಕ್ಕಿದವರ ಮೇಲೆಲ್ಲ ಪ್ರಯೋಗಿಸುತ್ತ ಬಂದಿದ್ದೇನೆ. ಅವರು ನಗುತ್ತಾರೆ. ಎಷ್ಟು ಚೆನ್ನಾಗಿ ಮಾತಾಡುತ್ತೀರಿ ಎನ್ನುತ್ತಾರೆ. ನಾನು ಅದನ್ನೂ ನಂಬುತ್ತೇನೆ.

ಈ ನಂಬಿಕೆಯ ಬಲದಿಂದಲೇ ನಾನು ಮ್ಯಾಂಡೊಲಿನ್ ಬಳಗಕ್ಕೆ ಸೇರಿದ್ದು. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಸಮುದಾಯ ಭವನದಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಒಂದಷ್ಟು ಜನ ವಯಸ್ಸಾದ ಹೆಂಗಸರು ಕೂತು ಮ್ಯಾಂಡೊಲಿನ್ ನುಡಿಸುತ್ತಾರೆ. ಒಂದು ದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳನ್ನು ಒಳಗೆ ಕರೆದರು. ನಿಮಗೆ ಸಂಗೀತ ಬರುತ್ತದೆಯೇ ಎಂದು ಕೇಳಿದರು. ಚಿಕ್ಕವಳಿದ್ದಾಗ ವಯೊಲಿನ್ ಕಲಿತಿದ್ದೆ, ವರ್ಣಕ್ಕೆ ಬರುವ ಹೊತ್ತಿಗೆ ಬಿಟ್ಟೆ ಎಂದು ಹೇಳಬೇಕಾಗಿತ್ತು. ಆದರೆ ಜಪಾನಿಯಲ್ಲಿ ಕಲಿಯುವುದಕ್ಕೆ ಒಂದು ಪದ, ಕಲಿಸುವುದಕ್ಕೆ ಇನ್ನೊಂದು ಪದ. ನನ್ನ ಬಾಯಿಗೆ ಎರಡನೆಯದು ಬಂತು. ಹೀಗೆ ಆ ಬೆಳಿಗ್ಗೆ ನಾನು ಮೈಸೂರಿನಲ್ಲಿ ವಯೊಲಿನ್ ಕಲಿಸುತ್ತಿದ್ದ ಮೇಷ್ಟರಾದೆ. ಎಲ್ಲರೂ ಬಗ್ಗಿ ನಮಸ್ಕರಿಸಿ "ಕಾತ್ಯಾ ಸೆನ್ಸೇ" ಎಂದು ಕರೆದರು. ತಪ್ಪು ತಿದ್ದುವ ಮನಸ್ಸು ನಿಜವಾಗಿಯೂ ಇತ್ತು. ಆದರೆ ಮನೆಯಲ್ಲಿ ಕುಕ್ಕರ್ ಕೂಗಿದಾಗ ಮಾತ್ರ ನೆನಪಾಗುವವಳನ್ನು ಯಾರೋ ಸೆನ್ಸೇ ಎಂದಾಗ ಆಗುವ ಸುಖ ನಿಮಗೆ ಗೊತ್ತಿಲ್ಲ. ನಾನೂ ಬಗ್ಗಿ ನಮಸ್ಕರಿಸಿದೆ.

ಬಳಗದ ಮುಖ್ಯಸ್ಥೆ ಓಗಿನೋ ಸಾನ್; ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ನಮ್ಮ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿ ಒಬ್ಬರೇ ಇರುವ, ಬೆನ್ನು ನೆಟ್ಟಗಿರುವ, ದನಿ ಎತ್ತರಿಸಿ ಮಾತಾಡಿದ್ದನ್ನು ಯಾರೂ ಕೇಳಿರದ ಹೆಂಗಸು. ಬಳಗದಲ್ಲಿ ಹೆಚ್ಚಿನ ಮ್ಯಾಂಡೊಲಿನ್ ಇರಲಿಲ್ಲವಾದ್ದರಿಂದ ಮುಂದಿನ ವಾರ ಅವರು ಬಟ್ಟೆಯಲ್ಲಿ ಸುತ್ತಿದ ಕಪ್ಪು ಪೆಟ್ಟಿಗೆಯೊಂದನ್ನು ತಂದು ಎರಡೂ ಕೈಯಿಂದ ನನ್ನ ಮುಂದಿಟ್ಟರು.

"ತುಂಬಾ ಹಳೆಯದು," ಎಂದರು. "ಕೊಳಕಾಗಿದೆ. ಸೆನ್ಸೇ ಕೈಗೆ ಕೊಡಲು ನಾಚಿಕೆಯಾಗುತ್ತದೆ. ದಯವಿಟ್ಟು ನಿಮಗೆ ಬೇಕಾದ ಹಾಗೆ ಬಳಸಿಕೊಳ್ಳಿ."

ಈ ದೇಶದಲ್ಲಿ ಮನೆಗೆ ಕರೆದು ಬಗೆಬಗೆಯ ಊಟ ಬಡಿಸಿ "ಏನೂ ಇಲ್ಲ, ಕ್ಷಮಿಸಿ" ಎನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅಂದು ನನ್ನ ತಲೆಯಲ್ಲಿ ಉಳಿದದ್ದು "ಕೊಳಕಾಗಿದೆ" ಎಂಬ ಒಂದೇ ಮಾತು.

ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ಪೆಟ್ಟಿಗೆ ತೆಗೆದೆ. ಶ್ರೀಕಂಠ ಬಗ್ಗಿ ನೋಡಿದ.

"ಏನೇ ಇದು, ತಮಟೆಗೆ ಬಾಲ ಬಂದಿದೆಯಲ್ಲ!"

"ಬ್ಯಾಂಜೋ-ಮ್ಯಾಂಡೊಲಿನ್ ಅಂತ. ವಿಂಟೇಜ್ ಪೀಸ್. ಮುಟ್ಟಬೇಡ."

ಅವನು ಹೇಳಿದ್ದು ಸುಳ್ಳೇನಾಗಿರಲಿಲ್ಲ. ತೆಳ್ಳನೆ ಮರದ ಪಟ್ಟಿಗಳನ್ನು ಬಗ್ಗಿಸಿ ಒಂದರ ಮೇಲೊಂದು ಅಂಟಿಸಿ ಮಾಡಿದ ದುಂಡನೆಯ ಚೌಕಟ್ಟು. ಅದರ ಮೇಲೆ ಬಿಗಿದ, ಹಳೇ ಪಂಚಾಂಗದ ಹಾಳೆಯ ಬಣ್ಣದ ಹೊದಿಕೆ. ಹೊದಿಕೆಯನ್ನು ಅದುಮಿ ಹಿಡಿದ ಲೋಹದ ಬಳೆ. ಬಳೆಯನ್ನು ಕೆಳಕ್ಕೆ ಎಳೆದು ಹಿಡಿಯಲು ಸುತ್ತಲೂ ಸಣ್ಣ ಸಣ್ಣ ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಒಂದು ತಿರುಗಿಸುವ ನಟ್. ಅಲ್ಲಿಂದ ಹೊರಟದ್ದು ಮ್ಯಾಂಡೊಲಿನ್ನಿನ ಗಿಡ್ಡ ಕುತ್ತಿಗೆ, ಜೋಡಿ ಜೋಡಿಯಾಗಿ ಎಂಟು ತಂತಿ. ಬೆರಳಿಡುವ ಕರಿಮರದ ಪಟ್ಟಿಯ ಮೇಲೆ ಮುತ್ತಿನ ಚಿಪ್ಪಿನ ಚುಕ್ಕಿಗಳು. ಚೌಕಟ್ಟಿನ ಸುತ್ತ ಕಪ್ಪು ಬಿಳಿ ಮರದ ಚೂರುಗಳನ್ನು ಒಂದು ಬಿಟ್ಟು ಒಂದು ಕೂರಿಸಿದ ಸಣ್ಣ ಅಂಚು. ಎಷ್ಟು ಸಣ್ಣದೆಂದರೆ ನಾನು ಕನ್ನಡಕ ಹಾಕಿಕೊಂಡ ಮೇಲೆಯೇ ಅದು ಬಣ್ಣ ಹಚ್ಚಿದ್ದಲ್ಲ, ಒಂದೊಂದಾಗಿ ಜೋಡಿಸಿದ್ದು ಎಂದು ಗೊತ್ತಾದದ್ದು. ಹಿಂಬದಿ ತೆರೆದಿತ್ತು. ಒಳಗೆ ಅಡ್ಡಲಾಗಿ ಹೋದ ಮರದ ಕೋಲಿನ ಮೇಲೆ ನಾಗೋಯಾದ ಯಾವುದೋ ಮುಚ್ಚಿಹೋದ ಕಾರ್ಖಾನೆಯ ಮುದ್ರೆ. ಯುದ್ಧಕ್ಕೆ ಮುಂಚಿನದು ಎಂದು ಓಗಿನೋ ಸಾನ್ ಹೇಳಿದ್ದರು.

ಇದನ್ನೆಲ್ಲ ನಾನು ನೋಡಿದೆ. ಮೆಚ್ಚಿದೆ. ಆಮೇಲೆ ನನ್ನ ಕಣ್ಣು ಬಿದ್ದದ್ದು ಉಳಿದದ್ದರ ಮೇಲೆ: ಲೋಹದ ಬಳೆ ಅಲ್ಲಲ್ಲಿ ಮಂಕಾಗಿ ಹೊಪ್ಪಳೆ ಎದ್ದಿತ್ತು, ಕೊಕ್ಕೆಗಳ ಸಂದಿಯಲ್ಲಿ ಹಸಿರು ಕಿಲುಬು, ಮತ್ತು ಹೊದಿಕೆಯ ಮೇಲೆ ತಂತಿಗಳ ಒಂದು ಪಕ್ಕಕ್ಕೆ ಅಂಗೈಯಗಲದ ಕಂದು ಕಲೆ. ಆ ಕಲೆಯನ್ನು ನೋಡಿದ ಕೂಡಲೇ ನನ್ನೊಳಗೆ ಹಬ್ಬದ ಹಿಂದಿನ ದಿನ ಎದ್ದು ನಿಲ್ಲುವ ಹೆಂಗಸು ಎದ್ದು ನಿಂತಳು.

ಮಾರನೆಯ ದಿನ ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದಮೇಲೆ ಕೆಲಸಕ್ಕಿಳಿದೆ. ಮೊದಲು ಫೋಟೊ ತೆಗೆದೆ, ಬಿಫೋರ್ ಅಂತ. ತಂತಿಗಳನ್ನೆಲ್ಲ ಬಿಚ್ಚಿದೆ. ತಂತಿಗಳು ಹಾಯ್ದುಹೋಗುವ ಸಣ್ಣ ಮರದ ಕುದುರೆ ಟಪ್ ಎಂದು ಕೈಗೆ ಬಿತ್ತು; ಅಯ್ಯೋ, ಗೋಂದು ಬಿಟ್ಟುಹೋಗಿದೆ ಪಾಪ, ಆಮೇಲೆ ಅಂಟಿಸಿದರಾಯಿತು ಎಂದುಕೊಂಡೆ. ಬಳೆ, ಕೊಕ್ಕೆಗಳಿಗೆ ನೆನೆಸಿದ ಹುಣಸೆಹಣ್ಣು ಬಳಿದು ಸ್ಟೀಲ್ ಸ್ಕ್ರಬ್ಬರಿನಿಂದ ತಿಕ್ಕಿದೆ. ಮೇಲಿನ ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದುಬಂದು ಒಳಗಿನಿಂದ ಹಿತ್ತಾಳೆ ಹೊಳೆಯಿತು. ಪಾಪ, ಇಷ್ಟು ವರ್ಷ ಇವರಿಗೆ ಇದು ಹಿತ್ತಾಳೆ ಎಂದೇ ಗೊತ್ತಿಲ್ಲ! ಹೊದಿಕೆಯ ಕಲೆಗೆ ಅಕ್ಕಿಹಿಟ್ಟಿನಲ್ಲಿ ನಿಂಬೆರಸ ಕಲೆಸಿ ಹಚ್ಚಿ ಉಜ್ಜಿದೆ. ಹೊದಿಕೆ ಒದ್ದೆಯಾಗಿ ಹಳಸಿದ ದೋಸೆಯಂತೆ ಜೋತುಬಿತ್ತು. ಗಾಬರಿಯಾಗಿ ಹೇರ್ ಡ್ರೈಯರ್ ಹಿಡಿದೆ. ಅದು ಮೆಲ್ಲಗೆ ಬಿಗಿಯಾಗಿ ಕೊನೆಗೆ ಬೆರಳಲ್ಲಿ ಬಡಿದರೆ ಟಣ್ ಎಂದಿತು. ಕಲೆ ಮಾಯವಾಗಿತ್ತು. ಕರಿಮರದ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಕುದುರೆಯನ್ನು ನೋಡಲು ಚೆನ್ನಾಗಿರುವಂತೆ ಸರಿಯಾಗಿ ನಡುಮಧ್ಯದಲ್ಲಿಟ್ಟು ಗಟ್ಟಿ ಅಂಟಿನಿಂದ ಅಂಟಿಸಿ, ತಂತಿಗಳನ್ನು ಮತ್ತೆ ಕಟ್ಟಿ, ಆಫ್ಟರ್ ಫೋಟೊ ತೆಗೆದು ಎರಡನ್ನೂ ನಮ್ಮ ಟೋಕಿಯೋ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಗೆಳತಿ ಯಾಮಿನಿ ತಕ್ಷಣ ಬರೆದಳು: "ಸೂಪರ್ ಕಣೆ ಕಾತ್ಯಾ! ಬ್ರ್ಯಾಂಡ್ ನ್ಯೂ ಥರಾ ಇದೆ!"

ನನಗಿಂತ ಸುಖಿ ಆ ದಿನ ಎಡೋಗಾವಾದಲ್ಲಿ ಯಾರೂ ಇರಲಿಲ್ಲ.

ಗುರುವಾರ ಬಳಗದವರ ಮುಂದೆ ಪೆಟ್ಟಿಗೆ ತೆರೆದೆ. ಓಗಿನೋ ಸಾನ್ ಬಗ್ಗಿ ನೋಡಿದರು. ಆಮೇಲೆ, "ಪಿಕಾಪಿಕಾ ದೆಸು ನೇ," ಎಂದರು. ಪಿಕಾಪಿಕಾ ಎಂದರೆ ಫಳಫಳ. "ನನಗೆ ಗುರುತೇ ಸಿಗಲಿಲ್ಲ. ಸೆನ್ಸೇಗೆ ಬಹಳ ಶ್ರಮವಾಗಿರಬೇಕು." ಎಂದಿಗಿಂತ ಆಳವಾಗಿ ಬಗ್ಗಿದರು. ಉಳಿದವರೆಲ್ಲ ಒಮ್ಮೆಲೇ ತಮ್ಮ ತಮ್ಮ ಸ್ವರದ ಹಾಳೆಗಳನ್ನು ಓದತೊಡಗಿದರು. ಆನಂದದಿಂದ ಇವರಿಗೆಲ್ಲ ಮಾತೇ ಹೊರಡುತ್ತಿಲ್ಲ ಎಂದು ತಿಳಿದು, ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗುವ ಕ್ರಮವನ್ನು ನಾನು ಸವಿಸ್ತಾರವಾಗಿ ವಿವರಿಸಿದೆ. ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಂಡು ಹೋಗಿದ್ದ ಹುಣಸೆಹಣ್ಣನ್ನು ತಲೆಗೊಂದರಂತೆ ಹಂಚಿಯೂ ಬಂದೆ.

ಮುಂದಿನ ಗುರುವಾರ ಓಗಿನೋ ಸಾನ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೈ ಸರಿಯಿಲ್ಲವೇನೋ ಎಂದು ಕೋಡುಬಳೆ ಕರಿದು ಡಬ್ಬಿಗೆ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತು ಮಾತಾಡಿದರು. ಅಕ್ಕ ಎಂಬ ಪದ ನನಗೆ ಸಿಕ್ಕಿತು, ತೋರಿಸುವುದು ಎಂಬುದೂ ಸಿಕ್ಕಿತು. ತಮ್ಮ ಅಕ್ಕನಿಗೆ ಬ್ಯಾಂಜೋ ತೋರಿಸುತ್ತಾರಂತೆ ಎಂದು ಹಿಗ್ಗಿದೆ. ಆಮೇಲೆ ಕೈ ಎಂಬ ಪದ ಕೇಳಿಸಿತು. ತಿಕ್ಕಿ ತಿಕ್ಕಿ ಕೈ ನೋಯಿತೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು ಎರಡೂ ಅಂಗೈ ಚಾಚಿ, "ಏನೂ ಆಗಿಲ್ಲ, ಚೆನ್ನಾಗಿವೆ!" ಎಂದೆ. ಓಗಿನೋ ಸಾನ್ ನನ್ನ ಅಂಗೈಗಳನ್ನು ನೋಡಿ ಕೋಡುಬಳೆ ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಲಿಫ್ಟಿನಲ್ಲಿ ಶ್ರೀರಕ್ಷಾ ನನ್ನ ಮುಖ ನೋಡಲಿಲ್ಲ.

"ಅಮ್ಮ, ಶೀ ಈಸ್ ಸ್ಯಾಡ್."

"ಯಾಕೆ? ಪಿಕಾಪಿಕಾ ಅಂತ ಹೊಗಳಿದ್ರು ಕಣೆ ಅವತ್ತು."

"ದಟ್ಸ್ ನಾಟ್ ಪ್ರೇಸ್, ಅಮ್ಮ." ಅವಳು ಪದ ಹುಡುಕಿದಳು. "ಆ ಬ್ರೌನ್ ಮಾರ್ಕ್ ಇತ್ತಲ್ಲ? ಅದು ಅವರ ಅಕ್ಕಂದು ಹ್ಯಾಂಡ್. ಶೀ ಪ್ಲೇಡ್ ಇಟ್ ಸೋ ಮೆನಿ ಇಯರ್ಸ್, ಸೋ ದಿ ಹ್ಯಾಂಡ್ ಸ್ಟೇಡ್. ಓಗಿನೋ ಸಾನ್ ಅದರ ಮೇಲೆ ತಮ್ಮ ಕೈ ಇಡ್ತಿದ್ರಂತೆ. ಈಗ ಅಕ್ಕಂಗೆ ತೋರಿಸೋಕೆ... ಶೀ ಕಾಂಟ್ ಫೇಸ್ ಹರ್."

ನಮ್ಮ ನಾಲ್ಕನೆಯ ಮಹಡಿ ಬಂದು ಬಾಗಿಲು ತೆರೆದು ಮುಚ್ಚಿಕೊಂಡಿತು. ನಾವು ಇಳಿಯಲಿಲ್ಲ.

ಆ ಸಂಜೆ ನಾನು ಮಾಡಿದ ಮೊದಲ ಕೆಲಸ ಫಿಲ್ಟರ್ ಕಾಫಿಯ ಡಿಕಾಕ್ಷನ್ನಿನಲ್ಲಿ ಅಂಗೈ ಅದ್ದಿ ಹಳೆಯ ದಿಂಬಿನ ಚೀಲದ ಮೇಲೆ ಒತ್ತಿ ನೋಡಿದ್ದು. ಅಚ್ಚು ಸರಿಯಾಗಿ ಬಂದರೆ ಬ್ಯಾಂಜೋ ಮೇಲೂ ಒತ್ತಿಬಿಡುವುದು ನನ್ನ ಯೋಜನೆಯಾಗಿತ್ತು. ಕೊಲೆ ನಡೆದ ಮನೆಯ ಗೋಡೆಯ ಮೇಲೆ ಪೊಲೀಸರಿಗೆ ಸಿಗುವಂಥ ಗುರುತು ಮೂಡಿತು. ಶ್ರೀಕಂಠ ಅದನ್ನು ನೋಡಿ ಮೊದಲು ಡಿಕಾಕ್ಷನ್ ಪಾತ್ರೆಯನ್ನು ನನ್ನಿಂದ ದೂರ ಸರಿಸಿದ.

"ಕಾತ್ಯಾ, ಇನ್ನೇನೂ ಮಾಡ್ಬೇಡ ಪ್ಲೀಸ್. ಸುಮ್ನೆ ಹೋಗಿ ಸಾರಿ ಕೇಳು. ಅಷ್ಟೆ."

"ಜಪಾನೀಲಿ ಸಾರಿ ಕೇಳೋಕೆ ಎಷ್ಟೊಂದು ಥರ ಇದೆ ಗೊತ್ತಾ?"

"ನಿಂಗೆ ಯಾವುದು ಬರುತ್ತೆ?"

"ಸುಮಿಮಾಸೆನ್."

"ಅದು ಟ್ರೈನಲ್ಲಿ ಕಾಲು ತುಳಿದಾಗ ಹೇಳೋದಲ್ವೇನೆ?"

ಶ್ರೀರಕ್ಷಾ ಒಂದು ಉದ್ದನೆಯ ವಾಕ್ಯ ಹೇಳಿಕೊಟ್ಟಳು. ಅದನ್ನು ಬಾಯಿಪಾಠ ಮಾಡಿ, ಬೆಳಿಗ್ಗೆ ಹೋಗಿ, ಓಗಿನೋ ಸಾನ್ ಮನೆಯ ಹೊಸ್ತಿಲಲ್ಲಿ ಮಂಡಿಯೂರಿ ತಲೆ ನೆಲಕ್ಕೆ ತಾಗಿಸಿದೆ. ತಾಗಿಸುವಾಗ ನನ್ನ ಹಿಂಬದಿ ಕೊಡೆಗಳ ಸ್ಟ್ಯಾಂಡಿಗೆ ಬಡಿದು ಕೊಡೆಗಳೆಲ್ಲ ಉರುಳಿದವು. ವಾಕ್ಯದ ಅರ್ಧ ಮರೆತುಹೋಯಿತು. ಉಳಿದರ್ಧಕ್ಕೆ ನಾನೇ ಒಂದಷ್ಟು ಸೇರಿಸಿದೆ: ತಪ್ಪು ನನ್ನದು, ನಿಮ್ಮ ಅಕ್ಕನಿಗೆ ನಾನೇ ಬಂದು ಹೇಳುತ್ತೇನೆ. ಬೇಡ ಬೇಡ, ಅಷ್ಟೆಲ್ಲ ಯಾಕೆ ಎನ್ನುತ್ತಾರೆ ಎಂಬ ಧೈರ್ಯದಿಂದಲೇ ಹೇಳಿದ್ದು.

ಓಗಿನೋ ಸಾನ್ ಕೊಡೆಗಳನ್ನು ಒಂದೊಂದಾಗಿ ಎತ್ತಿಟ್ಟರು. "ಹಾಗಾದರೆ," ಎಂದರು, "ಈ ಶನಿವಾರ ಆಗಬಹುದೇ?"

ಅಕ್ಕ ಇದ್ದದ್ದು ದೂರದ ಇಶಿಕಾವಾ ಸೀಮೆಯ ನೋಮಿ ಎಂಬ ಊರಿನ ವೃದ್ಧಾಶ್ರಮದಲ್ಲಿ. ನಾನು ಮೈಸೂರು ರೇಷ್ಮೆ ಸೀರೆ ಉಟ್ಟೆ. ತಪ್ಪೊಪ್ಪಿಕೊಳ್ಳಲು ಹೋಗುವವಳು ಗೃಹಪ್ರವೇಶಕ್ಕೆ ಹೊರಟವಳಂತೆ ಕಾಣುತ್ತಿದ್ದಾಳೆ ಎಂದು ಶ್ರೀಕಂಠ ಹೇಳಿದ. ಅಷ್ಟು ಹೊತ್ತಿಗೆ ಬದಲಾಯಿಸಲು ಸಮಯವಿರಲಿಲ್ಲ. ಬುಲೆಟ್ ಟ್ರೈನಿನಲ್ಲಿ ಓಗಿನೋ ಸಾನ್ ಪೆಟ್ಟಿಗೆಯನ್ನು ಮೇಲಿನ ಅಟ್ಟಣಿಗೆಯಲ್ಲಿಡದೆ ಮಡಿಲಲ್ಲಿಟ್ಟುಕೊಂಡು ಕೂತರು. ಕಿಟಕಿಯಾಚೆ ಬೆಟ್ಟಗಳು ಬಂದಾಗ ನಿಧಾನವಾಗಿ, ನನಗೆ ಅರ್ಥವಾಗುವ ಸಣ್ಣ ಸಣ್ಣ ಮಾತಿನಲ್ಲಿ, ಅಕ್ಕನ ಕಥೆ ಹೇಳಿದರು.

ಅಕ್ಕನ ಹೆಸರು ಕಜುಯೆ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಲು ಹದಿಹರೆಯದಲ್ಲೇ ನೇಯ್ಗೆ ಗಿರಣಿಗೆ ಸೇರಿದವಳು. ಗಿರಣಿಯ ಹುಡುಗಿಯರು ಬಿಡುವಿನಲ್ಲಿ ಹಾಡುತ್ತಿದ್ದರು. ಆದರೆ ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಯಾವಾಗಲೂ ಓಡುತ್ತಿರುತ್ತಿದ್ದವು. ಯಾರದೋ ಮ್ಯಾಂಡೊಲಿನ್ ಆ ಸದ್ದಿನಲ್ಲಿ ಕೇಳಿಸುತ್ತಲೇ ಇರಲಿಲ್ಲವಂತೆ. ಕಜುಯೆ ಹಳೇ ಸಾಮಾನಿನ ಅಂಗಡಿಯಲ್ಲಿ ಈ ವಾದ್ಯವನ್ನು ಕಂಡು, ಒಮ್ಮೆ ತಂತಿ ಮೀಟಿ, ಅಂಗಡಿಯವನು ಕಿವಿ ಮುಚ್ಚಿಕೊಂಡದ್ದನ್ನು ನೋಡಿ, ಇದೇ ಬೇಕು ಎಂದಳಂತೆ. ಮುಂದೆ ಮಗ್ಗದ ಸದ್ದು ಅವಳ ಕಿವಿಯನ್ನೇ ತಿಂದಿತು. ತಂಗಿ ಮದುವೆಯಾಗಿ ಟೋಕಿಯೋಗೆ ಹೊರಟಾಗ ವಾದ್ಯವನ್ನು ಅವಳ ಕೈಗಿತ್ತು, ನನಗಿನ್ನು ಇದರಿಂದ ಉಪಯೋಗವಿಲ್ಲ ಎಂದಳಂತೆ.

"ಟೋಕಿಯೋದಲ್ಲಿ ನನಗೆ ಯಾರೂ ಇರಲಿಲ್ಲ," ಎಂದರು ಓಗಿನೋ ಸಾನ್. "ಬೇಸರವಾದಾಗ ಆ ಗುರುತಿನ ಮೇಲೆ ಕೈ ಇಡುತ್ತಿದ್ದೆ."

ಉಳಿದ ದಾರಿಯಲ್ಲಿ ನಾನು ಮಾತಾಡಲಿಲ್ಲ. ನನ್ನ ಮಟ್ಟಿಗೆ ಅದೊಂದು ದಾಖಲೆ.

ಕಜುಯೆ ಸಾನ್ ಗಾಲಿಕುರ್ಚಿಯಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ತಂಗಿಯ ಮೈಕಟ್ಟೇ, ಆದರೆ ದನಿ ಮಾತ್ರ ಬಸ್ ಕಂಡಕ್ಟರನದು. ತಮಗೆ ಕೇಳಿಸುವುದಿಲ್ಲವಾದ್ದರಿಂದ ಲೋಕಕ್ಕೂ ಕೇಳಿಸುವುದಿಲ್ಲ ಎಂದು ತಿಳಿದವರಂತೆ ಒಂದೊಂದೇ ಪದವನ್ನು ಕೂಗಿ ಹೇಳುತ್ತಿದ್ದರು. ವಿನಯದ ಸುತ್ತುಬಳಸು ಅದರಲ್ಲಿ ಎಳ್ಳಷ್ಟೂ ಇಲ್ಲ. ಜಪಾನಿಗೆ ಬಂದಮೇಲೆ ನನಗೆ ಪೂರ್ತಿ ಅರ್ಥವಾದ ಮೊದಲ ಮನುಷ್ಯರು ಅವರೇ.

"ಯಾರಿದು? ಮದುಮಗಳೋ?" ಎಂದು ನನ್ನನ್ನು ನೋಡಿ ಕೂಗಿದರು.

ಓಗಿನೋ ಸಾನ್ ಪೆಟ್ಟಿಗೆ ತೆಗೆದರು. ನಾನು ನೆಲಕ್ಕೆ ಬಗ್ಗಿದೆ. ಕಜುಯೆ ಸಾನ್ ಬ್ಯಾಂಜೋವನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನು, ದೇವರ ಗೂಡಿನ ದೀಪದ ಹಾಗೆ ಹೊಳೆಯುತ್ತಿದೆ?"

"ನಾನೇ ಮಾಡಿದ್ದು. ತಪ್ಪಾಯಿತು," ಎಂದು ನಾನು ನೆಲದ ಕಡೆಯಿಂದಲೇ ಕೂಗಿದೆ.

ಓಗಿನೋ ಸಾನ್ ಅಕ್ಕನ ಕಿವಿಯ ಹತ್ತಿರ ಬಾಗಿ ಹೇಳಿದರು. ಕೇಳಿಸಲಿಲ್ಲ. ಮತ್ತೆ ಹೇಳಿದರು. ಕೊನೆಗೆ, ನಾನು ಎಂದೂ ಕೇಳಿರದ ಗಂಟಲಿನಿಂದ, ಅವರೂ ಕೂಗಿದರು. "ಅಕ್ಕ! ನಿನ್ನ ಅಂಗೈ ಗುರುತು ಹೋಯಿತು!"

"ಯಾವ ಅಂಗೈ?"

"ಹೊದಿಕೆಯ ಮೇಲಿತ್ತಲ್ಲ, ಕಂದು ಗುರುತು! ನಿನ್ನ ಕೈಯದು!"

ಕಜುಯೆ ಸಾನ್ ತಂಗಿಯ ಮುಖ ನೋಡಿದರು. "ಅದು ಮಿಸೋ ಸಾರು," ಎಂದರು.

"ಏನು?"

"ಮಿಸೋ ಸಾರು! ನೀನು ಚಿಕ್ಕವಳಿದ್ದಾಗ ಬಟ್ಟಲು ಮಗುಚಿದೆ. ಎಷ್ಟು ಒರೆಸಿದರೂ ಹೋಗಲಿಲ್ಲ. ನಿನಗೆ ಎರಡು ಬಾರಿಸಿದ್ದೆ. ನೆನಪಿಲ್ಲವಾ?"

"ಇಲ್ಲ ಅಕ್ಕ. ಅದು ಕೈ."

"ಅಲ್ಲಿ ಅಂಗೈ ಇಟ್ಟರೆ ನಾದ ಸತ್ತುಹೋಗುತ್ತದೆ, ಪೆದ್ದಿ! ಕೈ ಹಿಂದೆ ಇರಬೇಕು, ತಂತಿ ಕಟ್ಟಿರುವ ಕಡೆ. ಅಷ್ಟು ವರ್ಷ ನೋಡಿದ್ದೀಯಲ್ಲ!"

ಓಗಿನೋ ಸಾನ್ ಕುರ್ಚಿಯ ಮೇಲೆ ಕೂತರು. ತಾವು ಅಷ್ಟು ದಿನ ಯಾವುದರ ಮೇಲೆ ಕೈಯಿಟ್ಟು ಸಮಾಧಾನ ಪಡುತ್ತಿದ್ದೆವು ಎಂಬುದು ಅವರಿಗೆ ಹೊಳೆಯುತ್ತಿತ್ತು ಎಂದು ಕಾಣುತ್ತದೆ. ಮುಖ ಕೆಂಪಾಯಿತು, ಬಾಯಿ ನಡುಗಿತು. ಅಳುತ್ತಾರೆಂದು ನಾನು ಕರ್ಚೀಫು ಹುಡುಕಿದೆ. ಅವರು ನಗುತ್ತಿದ್ದರು. ಸದ್ದಿಲ್ಲದೆ ಶುರುವಾದದ್ದು, ಹೊಟ್ಟೆ ಹಿಡಿದುಕೊಳ್ಳುವವರೆಗೆ ಹೋಯಿತು. ಅಕ್ಕನೂ ಸೇರಿಕೊಂಡರು. ನಾನೂ ನಕ್ಕೆ, ಬಿಡುಗಡೆಯಾಯಿತೆಂದು. ಅಷ್ಟರಲ್ಲಿ ಕಜುಯೆ ಸಾನ್ ನಗು ನಿಲ್ಲಿಸಿ ಕುದುರೆಯನ್ನು ಬೆರಳಿನಿಂದ ತಳ್ಳಿ ನೋಡಿದರು. ಅದು ಕದಲಲಿಲ್ಲ.

"ಇದನ್ನು ಅಂಟಿಸಿದವರು ಯಾರು?"

ನಾನು ಮತ್ತೆ ನೆಲಕ್ಕೆ ಬಗ್ಗಿದೆ.

ಬಳೆಯ ಹೊಳಪನ್ನಾಗಲಿ ಸಾರಿನ ಕಲೆಯನ್ನಾಗಲಿ ಮನಸ್ಸಿಗೆ ಹಚ್ಚಿಕೊಳ್ಳದ ಆ ಹೆಂಗಸು ಕುದುರೆಯ ವಿಷಯದಲ್ಲಿ ನನ್ನನ್ನು ಕ್ಷಮಿಸಲಿಲ್ಲ. ಅದು ಎಂದೂ ಅಂಟಿರುವುದಲ್ಲವಂತೆ. ತಂತಿಗಳ ಒತ್ತಡದಿಂದಲೇ ನಿಲ್ಲಬೇಕು. ಅದರ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಮೇಲೆ ಹೋದ ಹಾಗೆ ಪ್ರತಿ ಸ್ವರವೂ ಅಪಸ್ವರ. ನಾನು ಮೂರು ಗುರುವಾರ ಬಳಗದಲ್ಲಿ ಅದನ್ನೇ ನುಡಿಸಿದ್ದೆ. ಅಪಸ್ವರ ಬಂದಾಗಲೆಲ್ಲ ಇದು ನಮ್ಮ ಕರ್ನಾಟಕ ಸಂಗೀತದ ಗಮಕ ಎಂದು ಹೇಳಿದ್ದೆ. ಬಳಗದವರು ಹೌದೆಂದು ತಲೆದೂಗಿದ್ದರು.

ಕಜುಯೆ ಸಾನ್ ಹಲ್ಲು ಶುಚಿಮಾಡುವ ದಾರ ತರಿಸಿದರು. ತಂತಿ ಸಡಿಲಿಸಿ, ಆ ದಾರವನ್ನು ಕುದುರೆಯ ಪಾದದಡಿ ಹಾಕಿ ಗರಗಸದಂತೆ ಎಳೆಯಲು ನನಗೆ ಹೇಳಿದರು. ಬೆವರಿಳಿಯುವವರೆಗೆ ಎಳೆದೆ. ಕೊನೆಗೆ ಅದು ಬಿಟ್ಟುಬಂತು. ಮತ್ತೆ ತಂತಿ ಬಿಗಿದು ಕುದುರೆಯನ್ನು ಅಂದಾಜಿನಲ್ಲಿ ನಿಲ್ಲಿಸಿದರು. ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ: ವಾದ್ಯವನ್ನು ಎತ್ತಿ, ಬಿರಡೆಗಳಿರುವ ತಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಕಿವಿ ಹೋದಮೇಲೆ ಅವರು ಕೇಳುತ್ತಿದ್ದದ್ದು ಹಾಗಂತೆ, ದವಡೆಯ ಮೂಳೆಯಿಂದ. ಮರದ ಆ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು. ಓಗಿನೋ ಸಾನ್‌ಗೂ. ಅವರು ಅದನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ತಂತಿಯನ್ನು ಎಲ್ಲೂ ಒತ್ತದೆ ಮೀಟಬೇಕು, ಆಮೇಲೆ ನಡುವಿನ ಮೆಟ್ಟಿಲಲ್ಲಿ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರದ ಕೆಳಗಿನ ಸ್ಥಾಯಿ, ಮೇಲಿನ ಸ್ಥಾಯಿಯಾಗಿ ಕೂಡಬೇಕು. ಕಜುಯೆ ಸಾನ್ ಕಣ್ಣು ಮುಚ್ಚಿ, ಬಾಯಲ್ಲಿ ಬ್ಯಾಂಜೋ ಕಚ್ಚಿಕೊಂಡೇ, ಕೈಸನ್ನೆಯಿಂದ ಆಜ್ಞೆ ಕೊಟ್ಟರು: ಮುಂದಕ್ಕೆ, ಹಿಂದಕ್ಕೆ, ಅಷ್ಟಲ್ಲ, ಸ್ವಲ್ಪ. ಓಗಿನೋ ಸಾನ್ ಎರಡು ಬೆರಳಿನಿಂದ ಕುದುರೆಯನ್ನು ಸರಿಸುತ್ತಿದ್ದರು. ಮೀಟುವುದು, ಸರಿಸುವುದು, ಮೀಟುವುದು. ಒಂದು ಹಂತದಲ್ಲಿ ಕಜುಯೆ ಸಾನ್ ಹುಬ್ಬುಗಳು ಮೇಲೇರಿದವು. ನನಗೂ ಕೇಳಿಸಿತು. ಎರಡು ಸ್ವರ ಒಂದಕ್ಕೊಂದು ಸರಿಯಾಗಿ ಕೂತವು.

ಅವರು ಬಾಯಿಂದ ಬಿಟ್ಟು, ಗಂಟುಗಟ್ಟಿದ ಬೆರಳುಗಳಲ್ಲಿ ವಾದ್ಯವನ್ನು ಹಿಡಿದು ಗಿರಣಿಯ ಹುಡುಗಿಯರ ಹಾಡೊಂದರ ನಾಲ್ಕು ಸಾಲು ಬಾರಿಸಿದರು. ಬೆರಳು ತಪ್ಪುತ್ತಿತ್ತು, ಆದರೆ ಸದ್ದು! ಗಾಜಿನ ಲೋಟಗಳು ಕಂಪಿಸಿದವು. ಕಾರಿಡಾರಿನಲ್ಲಿ ಒಂದೊಂದೇ ಗಾಲಿಕುರ್ಚಿ ಬಂದು ನಿಂತಿತು. ಆಶ್ರಮಕ್ಕೆ ಆಗಾಗ ಹಾಡುವವರು, ಕೊಳಲು ನುಡಿಸುವವರು ಬರುತ್ತಿದ್ದರಂತೆ. ಅರ್ಧಕ್ಕರ್ಧ ಮಂದಿಗೆ ಕೇಳಿಸದೆ ಸುಮ್ಮನೆ ಚಪ್ಪಾಳೆ ತಟ್ಟುತ್ತಿದ್ದರಂತೆ. ಮುಂದಿದ್ದ ಮುದುಕರೊಬ್ಬರು ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಕೇಳಿಸುತ್ತದೆ!" ಎಂದರು. "ಹೀಗೆಯೇ ಕೇಳಿಸುತ್ತದೆ!"

ಆಮೇಲೆ ಭಾರತದ ಸೆನ್ಸೇ ನುಡಿಸಲಿ ಎಂದು ಯಾರೋ ಅಂದರು. ನಾನು ಸೆನ್ಸೇ ಅಲ್ಲ ಎಂದು ಹೇಳಲು ಸರಿಯಾದ ಪದ ಅಂದು ಬಾಯಿಗೆ ಬಂತು, ಹೇಳಿದೆ, ವಿನಯ ಎಂದು ಎಲ್ಲರೂ ತಲೆದೂಗಿದರು. ಸರಳೆ ವರಸೆ, ಆಮೇಲೆ ನೆನಪಿದ್ದಷ್ಟು ಒಂದು ಗೀತೆ ಬಾರಿಸಿದೆ. ಕುದುರೆ ಸರಿಯಾದ ಜಾಗದಲ್ಲಿದ್ದುದರಿಂದ ತಪ್ಪನ್ನು ಹೊರಿಸಲು ನನ್ನ ಬೆರಳುಗಳ ಹೊರತು ಬೇರೆ ಯಾರೂ ಉಳಿದಿರಲಿಲ್ಲ, ಮತ್ತು ಆ ವಾದ್ಯ ಯಾವ ತಪ್ಪನ್ನೂ ಮೆಲ್ಲಗೆ ಹೇಳುವುದಿಲ್ಲ. ಮುಗಿದಮೇಲೆ ಅದೇ ಮುದುಕರು ಗೌರವದಿಂದ ಕೇಳಿದರು, ಇದು ನಿಮ್ಮಲ್ಲಿ ಯಾರಾದರೂ ತೀರಿಕೊಂಡಾಗ ನುಡಿಸುವುದೇ ಎಂದು.

ಬ್ಯಾಂಜೋ ಅಲ್ಲೇ ಉಳಿಯಿತು. ಓಗಿನೋ ಸಾನ್ ಖಾಲಿ ಕೈಯಲ್ಲಿ ಟ್ರೈನ್ ಹತ್ತಿ, ಡಬ್ಬಿಯೂಟದ ಮುಚ್ಚಳ ತೆಗೆದು, ಅದರಲ್ಲಿದ್ದ, ಸಾರಿಗೆ ಹಾಕುವ ಅದೇ ಕಂದು ಮಿಸೋ ಹಚ್ಚಿದ ಬದನೆಕಾಯಿಯನ್ನು ನೋಡಿ ಮತ್ತೆ ನಗಲು ಶುರುಮಾಡಿದರು. ಟೋಕಿಯೋ ಬರುವವರೆಗೂ ಮಧ್ಯೆ ಮಧ್ಯೆ ನಗುತ್ತಲೇ ಇದ್ದರು. ಇಳಿಯುವಾಗ ಮಾತ್ರ, "ಆ ಹಲ್ಲಿನ ಗುರುತು ನಾನು ಒಮ್ಮೆಯೂ ನೋಡಿರಲಿಲ್ಲ," ಎಂದರು.

ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ಮಾನಕ್ಕೆ ಒಳ್ಳೆಯದಿತ್ತು. ಚಳಿಗಾಲದ ಒಣಹವೆ ಬಂದ ಕೂಡಲೇ ಬ್ಯಾಂಜೋ ಹೊದಿಕೆ ನಿಂಬೆರಸ ಕುಡಿದ ಜಾಗದಲ್ಲೇ ಪಟ್ಟನೆ ಸೀಳಿತು. ಕಜುಯೆ ಸಾನ್ ನುಡಿಸುತ್ತಿದ್ದಾಗಲೇ ಸೀಳಿತಂತೆ. ಕೇಳುತ್ತಿದ್ದವರು ಹಾಡಿನ ಭಾಗವೆಂದು ಚಪ್ಪಾಳೆ ತಟ್ಟಿದರಂತೆ. ವಾದ್ಯ ಕೊರಿಯರಿನಲ್ಲಿ ಟೋಕಿಯೋಗೆ ಬಂತು. ಜೊತೆಗೆ ಹೊಸ ಚರ್ಮ ತರಿಸಿ ಹೊದಿಸಿ ಕಳಿಸಬೇಕೆಂದು ಅಪ್ಪಣೆ.

ಅದು ಕರುವಿನ ಚರ್ಮ ಎಂಬುದು ನನಗೆ ಆಗಲೇ ಗೊತ್ತಾದದ್ದು. ನಾನು ಗಟ್ಟಿ ಕಾಗದವೆಂದು ತಿಳಿದು, ರಂಗೋಲಿಗೆಂದು ಇಟ್ಟಿದ್ದ ಅಕ್ಕಿಹಿಟ್ಟು ಬಳಿದು ಉಜ್ಜಿದ್ದೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆಯವಳು ನಾನು. ಒಂದು ಗಂಟೆ ದೇವರ ಕೋಣೆಯ ಕಡೆ ನೋಡಲಿಲ್ಲ. ಆಮೇಲೆ ಮೃದಂಗವೂ ಅದೇ ತಾನೇ, ಅದಿಲ್ಲದೆ ಯಾವ ಕಛೇರಿ ನಡೆದಿದೆ ಎಂದು ಸಮಾಧಾನ ಮಾಡಿಕೊಂಡು, ನಮ್ಮ ಸ್ನಾನದ ಬಕೆಟ್ಟಿನಲ್ಲೇ ಹೊಸ ಚರ್ಮವನ್ನು ನೆನೆಹಾಕಿದೆ. ಶ್ರೀಕಂಠ ಆಫೀಸಿನಿಂದ ಬಂದವನು ಕೈಕಾಲು ತೊಳೆಯಲು ಒಳಗೆ ಹೋಗಿ ಅಲ್ಲಿಂದಲೇ ಕೇಳಿದ:

"ಕಾತ್ಯಾ, ಇಷ್ಟು ದೊಡ್ಡ ಹಪ್ಪಳ ಯಾಕೆ ನೆನೆಹಾಕಿದ್ದೀಯ?"

"ತಿನ್ನೋಕಲ್ಲ. ಮುಟ್ಟಿದ್ರೆ ಸ್ನಾನ ಮಾಡ್ಬೇಕಾಗತ್ತೆ."

ಓಗಿನೋ ಸಾನ್ ಮೇಲೆ ಬಂದರು. ಮೆತ್ತಗಾದ ಚರ್ಮವನ್ನು ಚೌಕಟ್ಟಿನ ಮೇಲೆ ಹಾಸಿ, ಅಂಚನ್ನು ತಂತಿಯ ಸುರುಳಿಗೆ ಸುತ್ತಿ, ಬಳೆ ಇಟ್ಟು, ಎದುರುಬದುರಿನ ಕೊಕ್ಕೆಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆವು. ನನ್ನ ಕಡೆಯ ನಟ್‌ಗಳನ್ನು ನಾನು ಹಬ್ಬದ ಉತ್ಸಾಹದಿಂದ ತಿರುಗಿಸುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸುತ್ತಿದ್ದರು. ಒಣಗಿದ ಮೇಲೆ ಬಡಿದು ನೋಡಿ, ತಂತಿ ಕಟ್ಟಿ, ನೋಮಿಗೆ ಕಳಿಸಿದೆವು.

ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ಕಜುಯೆ ಸಾನ್ ಫೋನು ಬಂತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ. ನಾನು "ಹಾಯ್, ಹಾಯ್", ಅಂದರೆ ಹೌದು ಹೌದು, ಎಂದು ತಲೆಯಾಡಿಸುತ್ತ ಕೇಳಿ, ಬಗ್ಗಿ ನಮಸ್ಕರಿಸಿ ಫೋನಿಟ್ಟೆ.

"ಏನಂದ್ರು?" ಎಂದು ಶ್ರೀಕಂಠ ಕೇಳಿದ.

"ತುಂಬ ಚೆನ್ನಾಗಿ ಮಾಡಿದ್ದೀಯ ಅಂದ್ರು."

ಶ್ರೀರಕ್ಷಾ ತಟ್ಟೆಯಿಂದ ತಲೆ ಎತ್ತಿದಳು. "ನೋ ಅಮ್ಮ. ಒಂದು ಸೈಡ್ ಜಾಸ್ತಿ ಟೈಟ್ ಆಗಿದೆ ಅಂದ್ರು. ಯುವರ್ ಸೈಡ್." ಸ್ವಲ್ಪ ತಡೆದು, ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ ಸೇರಿಸಿದಳು: "ಪರವಾಗಿಲ್ಲ, ಇಲ್ಲಿ ಯಾರಿಗೂ ಅಷ್ಟೆಲ್ಲ ಸರಿಯಾಗಿ ಕೇಳಿಸಲ್ಲ ಅಂದ್ರು."